ಒಂದೇ ಕಾಲಿನ ಹರಕೆ

ತೀರ್ಥಹಳ್ಳಿ
೧೧ ಫೆಬ್ರವರಿ ೨೦೨೪

ಮೇಧಾಳ ಅಪ್ಪನಿಗೆ ನಮಸ್ಕಾರ.

ಸಾಗರದಿಂದ ಮಗಳ ಮೂಲಕ ನನ್ನ ಆರೋಗ್ಯ ವಿಚಾರಿಸಿದಿರಂತೆ. ನಾವು ಬೇರೆಯಾದ ಮೇಲೆ ಈ ಮನೆಯಿಂದ ನಿಮಗೆ ಪತ್ರ ಬಂದಿಲ್ಲ. ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆದು ಮುಗಿಸೋಣವೆಂದು ಕೂತೆ. ಆಗಲಿಲ್ಲ. ಸುಳ್ಳು ಹೇಳುವುದಕ್ಕೂ ಸ್ವಲ್ಪ ತ್ರಾಣ ಬೇಕು.

ಹೋದ ವಾರ ಪಕ್ಕದ ಮನೆಯ ವೆಂಕಮ್ಮನ ಜೊತೆ ಸಿಗಂದೂರು ದೇವಸ್ಥಾನಕ್ಕೆ ಹೊರಟಿದ್ದೆ. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟುವ ಲಾಂಚ್ ಹತ್ತಿ ನಿಂತಾಗ ಹಿಂದಿನಿಂದ ಯಾರೋ, "ಎಂತ ಅಮ್ಮಾ, ಒಂದೇ ಕಾಲಿಗೆ ಹರಕೆಯಾ?" ಎಂದರು. ಲಾಂಚಿಡೀ ನಕ್ಕಿತು. ನಾನೂ ನಕ್ಕು ಕೆಳಗೆ ನೋಡಿದರೆ ಎಡಗಾಲಿನ ಚಪ್ಪಲಿಯೇ ಇಲ್ಲ. ಎಲ್ಲಿ ಕಳಚಿತೋ, ಬಿಸಿಲಿಗೆ ಕಾದ ದಾರಿಯಲ್ಲಿ ಎಷ್ಟು ದೂರ ಹಾಗೇ ನಡೆದೆನೋ, ಕಾಲಿಗೆ ಗೊತ್ತೇ ಇರಲಿಲ್ಲ. ವೆಂಕಮ್ಮ ಮಾತ್ರ ನಗಲಿಲ್ಲ. ಮರುದಿನವೇ ಡಾಕ್ಟರ ಹತ್ತಿರ ಕರೆದೊಯ್ದಳು.

ಅವರು ಕಣ್ಣು ಮುಚ್ಚಿಸಿ, ಅಂಗಾಲಿಗೆ ನೈಲಾನ್ ಎಳೆ ಮುಟ್ಟಿಸುತ್ತೇನೆ, ಗೊತ್ತಾದಾಗ ಹೇಳಿ ಎಂದರು. ಗೊತ್ತಾಯಿತು, ಈಗಲೂ ಗೊತ್ತಾಯಿತು ಎನ್ನುತ್ತಾ ಹೋದೆ. "ಮೇಡಂ, ನಾನಿನ್ನೂ ಮುಟ್ಟೇ ಇಲ್ಲ" ಎಂದರು.

ಸಕ್ಕರೆ ಕಾಯಿಲೆ ನರಕ್ಕಿಳಿದಿದೆಯಂತೆ. ನರಕೋಶದ ಒಡಲು ಬೆನ್ನಿನ ಬುಡದಲ್ಲಿ, ಅದರ ತಂತುವಿನ ತುದಿ ಕಾಲ್ಬೆರಳಲ್ಲಿ. ಅಷ್ಟು ದೂರಕ್ಕೆ ಒಡಲು ಕಳಿಸುವ ಆಹಾರವಷ್ಟೇ ಸಾಲದು. ತಂತು ದಾರಿಯುದ್ದಕ್ಕೂ ತಾನೇ ಸಕ್ಕರೆಯಿಂದ ಶಕ್ತಿ ಮಾಡಿಕೊಳ್ಳಬೇಕು, ಅದನ್ನು ಸುತ್ತಿಕೊಂಡ ಕೋಶಗಳೂ ಉಣಿಸಬೇಕು. ಈ ಕೆಲಸ ಕೆಟ್ಟರೆ ರಕ್ತದಲ್ಲಿ ಸಕ್ಕರೆ ತುಳುಕುತ್ತಿದ್ದರೂ ಒಳಗೆ ಉಪವಾಸ. ಶಕ್ತಿ ತೀರಾ ಬತ್ತಿದಾಗ ತಂತು ಸುಮ್ಮನೆ ಸಾಯುವುದಿಲ್ಲವಂತೆ, ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದಂತೆ. ಹೋದದ್ದು ಮರಳುವುದು ಕಷ್ಟ, ಸಕ್ಕರೆ ಹತೋಟಿಗೆ ಬಂದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಮನೆಗೆ ಬರುವಾಗ ನಿಮ್ಮ ನೆನಪಾಯಿತು. ಏಕೆಂದು ಬರೆಯುವುದಿಲ್ಲ.

ದಿನಾ ಸಂಜೆ ಯಾರಾದರೂ ಅಂಗಾಲು ನೋಡಬೇಕು, ಮನೆಯೊಳಗೂ ಚಪ್ಪಲಿ ಹಾಕಬೇಕು ಎಂದಿದ್ದಾರೆ. ದೇವರ ಗೂಡಿರುವ ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟಲು ಮನಸ್ಸು ಒಪ್ಪುತ್ತಿಲ್ಲ. ಅಂಗಾಲಿಗೆ ಒಂದು ಕನ್ನಡಿ ತಂದಿದ್ದೇನೆ. ನೆಲದ ಮೇಲಿಟ್ಟು ನೋಡಿಕೊಂಡರಾಯಿತು. ನೀವು ಬರಬೇಕೆಂದೇನಿಲ್ಲ.

ಇಂತಿ,
ಅಪರ್ಣಾ

ಬಿಟ್ಟುಹೋದದ್ದು: ಇವತ್ತು ಬೆಳಿಗ್ಗೆ ನಡುಮನೆಯಲ್ಲಿ ಕೆಂಪು ಹೆಜ್ಜೆಗಳಿದ್ದವು. ಯಾರೋ ಒಳಗೆ ಬಂದಿದ್ದಾರೆಂದು ಕೋಣೆಕೋಣೆ ಹುಡುಕಿದೆ. ಹೆಜ್ಜೆಗಳು ನನ್ನ ಹಿಂದೆಯೇ ಬರುತ್ತಿದ್ದವು. ಅಂಗಾಲಲ್ಲಿ ಒಡೆದ ಲೋಟದ ಚೂರಿತ್ತು. ಅದು ತಿಳಿಯುವ ಮೊದಲು ಪೂರ್ಣೇಶ್ ಎಂದು ಕೂಗಿದ್ದೆ. ಮದುವೆಯಾದ ಮೇಲೆ ನಿಮ್ಮ ಹೆಸರು ನನ್ನ ಬಾಯಿಗೆ ಬಂದದ್ದು ಅದೇ ಮೊದಲು.