ಕಪಾಟಿನೊಳಗಿನ ಗಿಡ

ಅಶ್ಮಿತಾ,

ನಿನ್ನ ನೋವಿಗೆ ಮದ್ದಾಗಲೆಂದು ಬಟ್ಟೆಯ ಕಪಾಟಿನಲ್ಲಿ ಕದ್ದು ಬೆಳೆಸಿದ ಗಾಂಜಾ ಗಿಡವನ್ನು ಇವತ್ತಿನವರೆಗೂ ನಾನು ಕಿತ್ತಿರಲಿಲ್ಲ. ಮದ್ದಾಗುವುದು ಅದರ ಹೂವು; ಅದು ಹೂ ಬಿಟ್ಟದ್ದೇ ನೀನು ತೀರಿಕೊಂಡ ಹನ್ನೊಂದನೇ ದಿನ.

ಮಧ್ಯಾಹ್ನ ಪಕ್ಕದ ಫ್ಲ್ಯಾಟಿನ ಕ್ಲಾರೆನ್ಸ್ ಫೋನ್ ಮಾಡಿದ. "ಸುಮಿತ್, ಮುನ್ಸಿಪಾಲಿಟಿ ಚೆಕ್ಕಿಂಗಿನವರು ಬಂದಿದ್ದಾರೆ ಮಾರಾಯ. ಒಂದೊಂದು ರೂಮಲ್ಲಿ ಎಷ್ಟು ಜನ ಉಂಟು ಅಂತ ನೋಡ್ತಾರಂತೆ."

ಫೋನ್ ಇಡುವುದರೊಳಗೆ ಬಾಗಿಲು ಬಡಿದರು. ಇಬ್ಬರಿದ್ದರು. ಅಡುಗೆಮನೆ ನೋಡಿ ಮಲಗುವ ಕೋಣೆಗೆ ಬಂದರು. ಹಿರಿಯವನು ಕಪಾಟಿನ ಹಿಡಿಗೆ ಕೈ ಹಾಕಿದ. ಒಳಗೆ ಗಿಡದ ಮೇಲೆ ದೀಪ ಉರಿಯುತ್ತಿತ್ತು. ಈ ಅರಬರ ನಾಡಿನಲ್ಲಿ ಸಿಕ್ಕಿಬಿದ್ದರೆ ಜೈಲು.

"ಅದರಲ್ಲಿ ನನ್ನ ಹೆಂಡತಿಯ ಬಟ್ಟೆಗಳಿವೆ," ಎಂದೆ ಹಿಂದಿಯಲ್ಲಿ. "ಹೋದ ತಿಂಗಳು ತೀರಿಕೊಂಡಳು."

ಅವನು ಕೈ ತೆಗೆದು ಎದೆಯ ಮೇಲಿಟ್ಟುಕೊಂಡು ಮೆಲ್ಲಗೆ ಏನೋ ಪ್ರಾರ್ಥಿಸಿದ. ಜೊತೆಯವನಿಗೆ "ಖಲಾಸ್" ಎಂದ. ಇಬ್ಬರೂ ಹೊರಟುಹೋದರು.

ಚಿಲಕ ಹಾಕಿ, ಗಿಡ ಕಿತ್ತು ಚೂರುಚೂರು ಮಾಡಿ ಕಮೋಡಿಗೆ ಹಾಕಿ ನೀರು ಬಿಟ್ಟೆ. ಮೂರು ಸಲ ಬಿಡಬೇಕಾಯಿತು.

ಕೊನೆಯ ವಾರ ನಾನು ಅದಕ್ಕೆ ನೀರು ಹಾಕುತ್ತಿದ್ದಾಗ ನೀನು, "ಅದನ್ನು ಬಿಡಿ, ಸ್ವಲ್ಪ ಇಲ್ಲಿ ಬಂದು ಕೂತ್ಕೊಳ್ಳಿ," ಎಂದು ಕರೆದಿದ್ದೆ. "ಈಗ ಬಂದೆ," ಎಂದಿದ್ದೆ ನಾನು.

ಈಗ ಹಾಸಿಗೆಯಲ್ಲಿ ನಿನ್ನ ಬದಿಗೆ ಬಂದು ಕೂತಿದ್ದೇನೆ.

ಸುಮಿತ್