ಹಗ್ಗ ಮುಟ್ಟಿದವರ ಪಾಲು

ಕೇಣಿ, ಅಂಕೋಲಾ
೧೬-೧೧-೨೦೦೩

ವಿನುತಾಳ ಅಪ್ಪನಿಗೆ ಹೀರಾಳ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ತಡವಾಯಿತೆಂದು ಸಿಟ್ಟಾಗಬೇಡಿ, ಸಿಟ್ಟು ಬರಿಸಲು ನಿಮಗೆ ರತ್ನಾಗಿರಿಯ ಬೋಟಿನಲ್ಲೇ ಬೇಕಷ್ಟು ಜನ ಇದ್ದಾರಲ್ಲ. ಇಲ್ಲಿ ನಾವೆಲ್ಲ ಆರಾಮ. ಅತ್ತೆಯವರೂ ಆರಾಮ. ಫೋನಿನಲ್ಲಿ ಬೂತಿನವನ ಎದುರು ಏನು ಹೇಳಲಿಕ್ಕೂ ಆಗುವುದಿಲ್ಲ, ನೀವೂ ಬರೀ "ಹ್ಞೂಂ, ಹ್ಞೂಂ" ಎನ್ನುತ್ತೀರಿ. ನಿಮ್ಮ ದನಿ ಕೇಳಿ ಬಂದ ದಿನ ಮನೆ ಇನ್ನಷ್ಟು ಖಾಲಿ ಅನಿಸುತ್ತದೆ.

ವಿನುತಾ ಈ ಸಲವೂ ತರಗತಿಗೆ ಮೊದಲು. ಶಾಲೆಯ ಅಕ್ಕೋರು ಮನೆಗೇ ಬಂದಿದ್ದರು. "ಹುಡುಗಿ ಚುರುಕಿದೆ. ಜೂನಿಂದ ಕಾರವಾರದಲ್ಲಿ ಹಾಸ್ಟೆಲಿಗೆ ಹಾಕಿ, ಇಲ್ಲಿದ್ರೆ ಹಾಳಾಗ್ತದೆ" ಅಂದರು. ನೀವೂ ಒಪ್ಪಿದ್ದೀರಿ. ನನ್ನ ಮನಸ್ಸು ಮಾತ್ರ ಒಪ್ಪುತ್ತಿಲ್ಲ.

ಹೋದ ವರ್ಷದ್ದು ನೆನಪಿದೆಯಲ್ಲ? ಪರೀಕ್ಷೆಯಲ್ಲಿ ಪಕ್ಕದ ಮನೆಯ ಮಂಜಿಗೆ ಉತ್ತರ ತೋರಿಸಿ ಸಿಕ್ಕಿಬಿದ್ದು ಬಿಸಿಲಲ್ಲಿ ನಿಂತಿದ್ದಳು. ಯಾಕೆ ತೋರಿಸಿದೆ ಎಂದರೆ, "ಮಂಜಿನೂ ನನ್ ಕೂಡೇ ಕೂತಿತ್ತಲ್ರಾ. ರಂಪಣಿ ಬಲೆ ಎಳೀವಾಗ ಹಗ್ಗ ಮುಟ್ಟಿದವ್ರಿಗೆಲ್ಲ ಪಾಲು ಕೊಡ್ತ್ರಲೆ?" ಅಂದಳಂತೆ. ನೀವು ಬಿದ್ದು ಬಿದ್ದು ನಕ್ಕಿರಿ. ಅಕ್ಕೋರು ಶಿಕ್ಷೆ ಕೊಟ್ಟದ್ದು ತಪ್ಪೇನಲ್ಲ, ಪರೀಕ್ಷೆ ಅಂದರೆ ಪರೀಕ್ಷೆ. ಹುಡುಗಿ ಪಾಠ ಕಲಿತಳು. ಈಗ ಬರೆಯುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ, ಮನೆಯಲ್ಲೂ.

ಕಳೆದ ಭಾನುವಾರ ನಮ್ಮ ದಂಡೆಯಲ್ಲಿ ರಂಪಣಿ ಎಳೆದರು. ಬಂಗಡೆ ಚೆನ್ನಾಗಿ ಬಿತ್ತು. ಬಲೆ ಎಳೆಸಿದ ತಾಂಡೇಲ ದುರ್ಗಪ್ಪಣ್ಣನೇ ಪಾಲು ಹಾಕುತ್ತಿದ್ದ. ಕೊನೆಗೆ ಒಬ್ಬ ಮುದುಕಿ ಬುಟ್ಟಿ ಮುಂದೆ ಹಿಡಿದಳು. ಎಳೆಯುವ ಶಕ್ತಿ ಎಲ್ಲಿಂದ ಬರಬೇಕು, ಹಗ್ಗಕ್ಕೆ ಕೈ ಹಚ್ಚಿಕೊಂಡು ಎಲ್ಲರ ಜೊತೆ ನಡೆದಿದ್ದಳು ಅಷ್ಟೆ. ಅಷ್ಟರಲ್ಲಿ ನಮ್ಮ ವಿನುತಾ, "ಅಜ್ಜಿ ಎಳೀಲೇ ಇಲ್ಲ. ಬರೀ ಕೈ ಇಟ್ಕಂಡಿತ್ತು. ನಾ ನೋಡ್ದೆ" ಅಂದುಬಿಟ್ಟಳು. ಎಲ್ಲರೂ ಅವಳತ್ತ ತಿರುಗಿದರು. ದುರ್ಗಪ್ಪಣ್ಣ "ಬಂದ್ಳು ನೋಡು ನಮ್ಮ ಅಕ್ಕೋರು!" ಎಂದು ಎಲ್ಲರನ್ನೂ ನಗಿಸಿ ಆ ಬುಟ್ಟಿಗೂ ಮೀನು ಹಾಕಿದ. ವಿನುತಾ ಹೇಳಿದ್ದು ಸುಳ್ಳಲ್ಲ. ಅದಕ್ಕೇ ಬೈಯಲು ನನಗೆ ಬಾಯಿ ಬರಲಿಲ್ಲ.

ಶಾಲೆ ಬೇಡ ಎನ್ನುವ ಧೈರ್ಯ ನನಗಿಲ್ಲ. ಓದದಿದ್ದರೆ ನಾಳೆ ಅವಳೂ ಮೀನಿನ ಬುಟ್ಟಿ ಹೊತ್ತು ಬಸ್ಸಿನವರಿಂದ ಬೈಸಿಕೊಳ್ಳಬೇಕು. ಆದರೆ ಒಂದು ಬಿಸ್ಕತ್ತು ಸಿಕ್ಕರೂ ಮುರಿದು ಮಂಜಿಯ ಬಾಯಿಗಿಡುತ್ತಿದ್ದಳಲ್ಲ, ಆ ಹುಡುಗಿ ಬೇಕು ನನಗೆ. ವಿನುತಾ ಇಲ್ಲೇ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ, ಆದರೂ ಅವಳ ನೆನಪಾಗಿ ಅಳು ಬರುತ್ತದೆ. ನೀವಿದ್ದಿದ್ದರೆ ಕೈ ಹಿಡಿದು ದಂಡೆಗೆ ಕರೆದೊಯ್ದು ಏನಾದರೂ ಹೇಳುತ್ತಿದ್ದಿರಿ. ಹಾಸ್ಟೆಲಿನ ಮಾತು ಈಗಲೇ ಬೇಡ. ಸಂಕ್ರಾಂತಿಗಾದರೂ ಬನ್ನಿ, ನಾಲ್ಕು ದಿನ ಅವಳ ಜೊತೆ ಇದ್ದು ಆಮೇಲೆ ಹೇಳಿ.

ಗಾಳಿ ಎದ್ದಾಗ ಬೋಟಿನ ಅಂಚಿಗೆ ನಿಲ್ಲಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಹೀರಾ

ತಾ.ಕ.: ಆ ಮುದುಕಿ ನಿಮ್ಮ ತಾಯಿ. ನಿಮಗೆ ಬರೆಯಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಆಮೇಲೆ ಅವರು ದಂಡೆಗೆ ಹೋಗಿಲ್ಲ. ನಿನ್ನೆ ಊಟಕ್ಕೆ ಬಡಿಸಿದ ಬಂಗಡೆಯನ್ನು ತಟ್ಟೆಯ ಅಂಚಿಗೆ ಸರಿಸಿ, "ನಾ ಇವತ್ತು ಏನೂ ಕೆಲ್ಸ ಮಾಡ್ಲಿಲ್ಲಲೇ ಹೀರಾ, ನಂಗೆ ಎಂತಕೆ?" ಅಂದರು. ವಿನುತಾ ಅದನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು.