ಸತುವಿನ ಪೆಟ್ಟಿಗೆಯ ಬೆಸುಗೆ

ಪೆನಾಂಗ್, ತಗಡಿನವರ ಬೀದಿ
ಒಂಬತ್ತನೆಯ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಕಿರಿಸೊಸೆ ಗೈಕ್ ನಿಯೋ ಇಷ್ಟು ದೂರದಿಂದಲೇ ಚಹಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಮುಂದೆ ತಲೆ ಬಾಗಿಸುತ್ತಾಳೆ.

ನಿಮ್ಮ ಸೊಂಟನೋವು ಹೇಗಿದೆ? ಕಳೆದ ಸಲ ಕಳಿಸಿದ ಜಾಯಿಕಾಯಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಅಥವಾ ಕೇಳಿದವರಿಗೆಲ್ಲ ಕೊಟ್ಟು ಸೀಸೆ ತೊಳೆದಿಟ್ಟಿದ್ದೀರೋ? ಹಿರಿಮಗನನ್ನು ಕಳೆದುಕೊಂಡವಳಿಗೆ ಸೊಂಟದ ಮಾತೇಕೆ ಎಂದು ಸಿಟ್ಟಾಗಬೇಡಿ. ಎರಡು ಹೊತ್ತು ಗಂಜಿಯನ್ನಾದರೂ ಕುಡಿಯಿರಿ. ನೀವು ಗಟ್ಟಿಯಾಗಿರಬೇಕು, ಈಗ ನನಗಂತೂ ಅದು ತುಂಬ ಬೇಕಾಗಿದೆ.

ಭಾವನವರ ಪೆಟ್ಟಿಗೆ ಕಳೆದ ವಾರ ಹಡಗು ಹತ್ತಿತು. ಸರಕಿನ ಹಡಗು ಅಲ್ಲಲ್ಲಿ ನಿಂತು ಬರುತ್ತದೆ. ಈ ಪತ್ರ ಟಪಾಲು ಹಡಗಿನಲ್ಲಿ ಅದಕ್ಕಿಂತ ಮೊದಲೇ ನಿಮ್ಮ ಅಮೋಯ್ ಬಂದರು ಮುಟ್ಟುತ್ತದೆಯಂತೆ. ಅವರನ್ನು ಸತುವಿನ ತಗಡಿನ ಪೆಟ್ಟಿಗೆಯಲ್ಲಿ ಮಲಗಿಸಿ, ಅಂಚಿನ ಸುತ್ತ ಬೆಸುಗೆ ಹಾಕಿ, ಹೊರಗೊಂದು ಮರದ ಪೆಟ್ಟಿಗೆ ಮಾಡಿಸಿದ್ದೇವೆ. ಇಲ್ಲದಿದ್ದರೆ ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ. ಬೆಸುಗೆ ಹಾಕಿದ್ದು ನಿಮ್ಮ ಕಿರಿಮಗನೇ. ಬೀದಿ ತುಂಬ ತಗಡಿನ ಕೆಲಸದವರಿದ್ದಾರೆ, ಯಾರಿಗಾದರೂ ಬಿಡಿ ಎಂದು ಬೇಡಿಕೊಂಡೆ. "ನಂಗೆ ಬೆಸುಗೆಕೋಲು ಹಿಡಿಯೋದು ಕಲಿಸಿದ್ದೇ ಅಣ್ಣ. ಅವನ ಪೆಟ್ಟಿಗೇನ ಇನ್ಯಾರ ಕೈಗೋ ಕೊಡ್ಲಾ?" ಎಂದರು. ಈ ಹಟ ನಿಮ್ಮ ಮನೆಯಿಂದಲೇ ಬಂದದ್ದು ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮುಚ್ಚಳ ಮುಚ್ಚುವಾಗ ಯಾರ ನೆರಳೂ ಒಳಗೆ ಬೀಳಬಾರದು, ಬಿದ್ದರೆ ನೆರಳಿನ ಜೊತೆ ಆ ಮನುಷ್ಯನ ಜೀವದ ಅಷ್ಟು ಭಾಗವೂ ಒಳಗೇ ಉಳಿಯುತ್ತದೆ. ಇದನ್ನು ನಿಮಗೆ ನಾನು ಹೇಳಬೇಕಿಲ್ಲ. ನಾವೆಲ್ಲ ಹಿಂದೆ ಸರಿದು ಬೆನ್ನು ತಿರುಗಿಸಿ ನಿಂತೆವು. ಬೆಸುಗೆ ಹಾಕುವವನು ಹಾಗೆ ನಿಲ್ಲಲು ಆದೀತೆ? ಬಗ್ಗಿಯೇ ಕೆಲಸ ಮಾಡಬೇಕು. ಅದಕ್ಕೇ ನೆರಳು ಮೈ ಬಿಟ್ಟು ಹೋಗದಂತೆ ಅವನ ಸೊಂಟಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ನಾನೇ ಕಟ್ಟಿದೆ. ಶವಪೆಟ್ಟಿಗೆ ಅಂಗಡಿಯ ಮುದುಕ, "ಬಿಗಿಯಾಗಿ ಕಟ್ಟಮ್ಮಾ, ಒಡಹುಟ್ಟಿದೋನ ಪೆಟ್ಟಿಗೆ ಜಾಸ್ತಿ ಎಳೆಯುತ್ತೆ" ಎಂದ. ಗಂಟಿನ ಮೇಲೆ ಗಂಟು ಹಾಕಿದೆ. ಬೆನ್ನ ಹಿಂದೆ ತಿದಿ ಉಸಿರಾಡುವ ಸದ್ದು ಕೇಳುತ್ತಿತ್ತು, ಬೆಸುಗೆಗೆ ಹಚ್ಚುವ ನವಸಾಗರದ ಹೊಗೆ ಮೂಗಿಗೆ ಬಡಿಯುತ್ತಿತ್ತು. ನಡುವೆ ಒಂದಿಷ್ಟು ಹೊತ್ತು ಏನೂ ಸದ್ದಿರಲಿಲ್ಲ. ಕೋಲಿನ ತಾಮ್ರದ ಮೂತಿ ಬಿಸಿಯಾಗಲೆಂದು ಕಾಯುತ್ತಿದ್ದಾರೆ ಎಂದುಕೊಂಡೆ.

ಅಂದಿನಿಂದ ಇವರು ಇವರಾಗಿಲ್ಲ. ಕೋಲನ್ನು ಇದ್ದಿಲ ಒಲೆಯಿಂದ ತೆಗೆದು ಕೆನ್ನೆಯ ಹತ್ತಿರ ಹಿಡಿದು ಬಿಸಿ ನೋಡುವುದು ನಿಮಗೆ ಗೊತ್ತೇ ಇದೆ, ಮಾವನವರೂ ಹಾಗೇ ನೋಡುತ್ತಿದ್ದರಂತೆ. ಈಗ ಇವರ ಕೆನ್ನೆಗೆ ಬಿಸಿಯೇ ತಾಕುವುದಿಲ್ಲ. ಇನ್ನೂ ಕಾದಿಲ್ಲ, ಇನ್ನೂ ಕಾದಿಲ್ಲ ಎಂದು ಕೆಂಪಗಾಗುವವರೆಗೆ ಬೆಂಕಿಯಲ್ಲೇ ಇಡುತ್ತಾರೆ. ಮೂತಿಗೆ ಬಳಿದ ತವರವೆಲ್ಲ ಸುಟ್ಟು ಕಪ್ಪಾಗುತ್ತದೆ, ಆಮೇಲೆ ಬೆಸುಗೆ ಹಿಡಿಯುವುದಿಲ್ಲ. ಅರ ಹಾಕಿ ಉಜ್ಜುತ್ತಾರೆ, ಮತ್ತೆ ಸುಡುತ್ತಾರೆ. ಮೊನ್ನೆ ನಾನು ಕೋಲು ಕಸಿದುಕೊಳ್ಳುವಾಗ ನೋಡಿದರೆ ಕೆನ್ನೆಯ ಮೇಲೆ ಬೊಬ್ಬೆ ಎದ್ದಿತ್ತು. ಇವರಿಗೆ ಅದು ಗೊತ್ತೇ ಇಲ್ಲ. ಒಲೆಯ ಮುಂದೆ ಕೂತು ಚಳಿ ಎನ್ನುತ್ತಾರೆ. ಅಂಗಡಿಯ ಸ್ಟೂಲಿನ ಮೇಲೆ ಕೂತವರು ಇದ್ದಕ್ಕಿದ್ದಂತೆ ಗೋಡೆ ಹಿಡಿದುಕೊಂಡು, "ಇವತ್ತು ತುಂಬಾ ಓಲಾಡ್ತಿದೆ ಕಣೇ" ಎನ್ನುತ್ತಾರೆ. ನಾನು ಇಂಥದ್ದನ್ನೆಲ್ಲ ಸುಲಭಕ್ಕೆ ನಂಬುವವಳಲ್ಲ. ಆದರೂ ಸಂಜೆ ಬಿಸಿಲಿನಲ್ಲಿ ಇಬ್ಬರೂ ಬಾಗಿಲಲ್ಲಿ ನಿಂತಾಗ ಕೆಳಗೆ ನೋಡಿದೆ. ನನ್ನ ನೆರಳು ಎದುರುಮನೆಯ ಗೋಡೆ ಮುಟ್ಟಿತ್ತು. ಇವರ ಕಾಲ ಬಳಿ ಇದ್ದದ್ದು, ಒದ್ದೆ ಬಟ್ಟೆ ಎತ್ತಿಕೊಂಡ ಮೇಲೆ ನೆಲದಲ್ಲಿ ಪಸೆ ಉಳಿಯುತ್ತದಲ್ಲ, ಅಷ್ಟೇ. ನನಗೆ ತುಂಬ ಭಯವಾಗಿದೆ ಅತ್ತೆ.

ನಿನ್ನೆ ಅರ ಹುಡುಕಲು ಹತಾರದ ಪೆಟ್ಟಿಗೆಗೆ ಕೈ ಹಾಕಿದೆ. ತಾಮ್ರದ ಕೋಲುಗಳ ಅಡಿಯಲ್ಲಿ ನಾನು ಕಟ್ಟಿದ ಆ ಕೆಂಪು ಬಟ್ಟೆ ನೀಟಾಗಿ ಮಡಚಿಟ್ಟಿತ್ತು. ನನ್ನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ್ದರು. ಇದೇನು ಎಂದು ಕೇಳಿದರೆ ತಪ್ಪು ಮಾಡಿದವರ ಮುಖವೂ ಇಲ್ಲ. "ಅಣ್ಣಂಗೆ ಕತ್ತಲಂದ್ರೆ ಭಯ ಅಲ್ವೇನೇ. ದೀಪ ಇಲ್ದೆ ಒಂದಿನಾನಾದ್ರೂ ಮಲಗಿದ್ನಾ? ಊರು ಮುಟ್ಟೋವರ್ಗೂ ನಾನಿರ್ತೀನಿ ಅಂದೆ, ಬೆಸುಗೆ ಮುಗಿಯೋಕ್ಮುಂಚೆ ಅದನ್ನ ಬಿಚ್ದೆ" ಎಂದರು. ಭಾವನವರ ಆ ದೀಪಕ್ಕಾಗಿ ನಾನೂ ಎಷ್ಟು ಕೀಟಲೆ ಮಾಡಿದ್ದೆ! ಸರಿ, ಊರು ಮುಟ್ಟಿದ ಮೇಲೆ ವಾಪಸು ಬರುವುದು ಹೇಗೆ ಎಂದು ಕೇಳಿದೆ. "ಅದು ಗೊತ್ತಿಲ್ಲ" ಎಂದರು. ಕೈಯಲ್ಲಿದ್ದ ಸೌಟನ್ನು ಎಸೆದು ಬಾಯಿಗೆ ಬಂದಂತೆ ಬೈದೆ, ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ.

ಈಗ ಎದುರಿಗೇ ಕೂತಿದ್ದಾರೆ. ಓದಲು ಬರುವುದಿಲ್ಲವಲ್ಲ, ಇಷ್ಟುದ್ದ ಏನು ಬರೀತಿದ್ದೀಯ ಎಂದು ಕೇಳುತ್ತಾರೆ. ಅತ್ತೆಯ ಸೊಂಟನೋವಿನ ವಿಚಾರ ಎಂದಿದ್ದೇನೆ. ಇವರು ಬರೆಯಲು ಹೇಳಿದ್ದು ಒಂದೇ ಮಾತು: ಯಾರು ಏನೇ ಹೇಳಲಿ, ಅಮ್ಮ ಆ ಪೆಟ್ಟಿಗೆಯನ್ನು ತೆರೆಸಬಾರದು, ಬೆಸುಗೆಗೆ ಕೈ ಹಚ್ಚದೆ ಹಾಗೇ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಬೇಕು. ಇವರ ಮಾತನ್ನು ಇವರು ಹೇಳಿದಂತೆಯೇ ಬರೆದಿದ್ದೇನೆ.

ಚಿಕ್ಕತ್ತೆಗೂ ಬಾವಿಮನೆಯವರಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿಮ್ಮ ಸೊಸೆ,
ಗೈಕ್ ನಿಯೋ

ಮರೆತ ಮಾತು: ಇವರು ಇದ್ದಿಲು ತರಲು ಹೋದರು, ಬರುವುದರೊಳಗೆ ಬರೆಯುತ್ತೇನೆ. ಪತ್ರ ಓದಿ ಹೇಳುವವರು ಇಲ್ಲಿಂದ ಮುಂದೆ ಅತ್ತೆಯ ಕಿವಿಯಲ್ಲಿ ಮಾತ್ರ ಓದಿ. ಅತ್ತೆ, ಪೆಟ್ಟಿಗೆ ತೆರೆಸಿ. ಮಣ್ಣಿಗಿಳಿಸುವ ಮೊದಲೇ ತೆರೆಸಿ. ತಗಡಿನ ಕೆಲಸದವನನ್ನು ಕರೆಸಿದರೆ ಕಾದ ಕೋಲನ್ನು ಅಂಚಿನ ಮೇಲೆ ಎಳೆದು ಬೆಸುಗೆ ಕರಗಿಸುತ್ತಾನೆ, ಉಳಿ ಸುತ್ತಿಗೆ ಬೇಡ. ನೆರಳು ಕಾಲಡಿಯಲ್ಲೇ ಇರುವ ನಡುಮಧ್ಯಾಹ್ನದಲ್ಲೇ ತೆರೆಸಿ, ಬೇರೆಯವರ ನೆರಳು ಒಳಗೆ ಬೀಳುವುದು ಬೇಡ. ಏನು ಕೇಳುತ್ತಿದ್ದೇನೆಂದು ನನಗೆ ಗೊತ್ತು. ಇಷ್ಟು ದಿನ ಒಳಗಿದ್ದ ಮಗನ ಮುಖವನ್ನು ಯಾವ ತಾಯಿಯೂ ನೋಡಬಾರದು. ಕಣ್ಣು ಮುಚ್ಚಿಕೊಳ್ಳಿ, ಆದರೆ ಬಗ್ಗಿ ಕಿರಿಯವನನ್ನು ಕರೆಯಿರಿ. ನಾನು ಇಲ್ಲಿಂದ ಕರೆದು ಸಾಕಾಯಿತು, ಅವರು ಬರುವುದಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಕತ್ತಲಾಗುವವರೆಗೆ ಆಡುತ್ತಿದ್ದಾಗ ಊಟಕ್ಕೆ ಯಾವ ಹೆಸರು ಹಿಡಿದು ಕೂಗುತ್ತಿದ್ದಿರೋ, ಅದೇ ಹೆಸರಿನಿಂದ ಕೂಗಿ. ಅಣ್ಣನನ್ನು ಬಿಟ್ಟು ಬಾ ಎಂದು ನೀವು ಹೇಳಿದರೆ ಮಾತ್ರ ಅವರು ಕೇಳುತ್ತಾರೆ.